ಪಡಸಾಲೆಯಲ್ಲಿ ನಕ್ಕ ದುರುಗವ್ವ

ಹೊರಡುವ ಮುನ್ನ

ಹಡಗು ಹತ್ತಿದವರು ಮಾತ್ರ ಪರದೇಶ ಕಂಡವರು ಎಂದು ನಂಬಿದವರು ಈ ಬರಹವನ್ನು ಇಲ್ಲಿಗೇ ಮಡಚಿಡಬಹುದು. ನಾನು ಹೋದದ್ದು ಮೈಸೂರಿನಿಂದ ಬಳ್ಳಾರಿಗೆ. ಆದರೆ ನಮ್ಮದು ಮಹಾರಾಜರ ಸಂಸ್ಥಾನ. ಬಳ್ಳಾರಿ ಇಂಗ್ಲಿಷರ ಮದ್ರಾಸು ಆಡಳಿತಕ್ಕೆ ಸೇರಿದ ಸೀಮೆ. ಅಲ್ಲಿ ದೊರೆ ಬೇರೆ, ಕಾನೂನು ಬೇರೆ, ಬಿಸಿಲು ಬೇರೆ. ನಮ್ಮಮ್ಮನ ಲೆಕ್ಕದಲ್ಲಂತೂ ಅದು ವಿಲಾಯತಿಗಿಂತ ಒಂದು ಗೇಣು ಆಚೆಗೇ ಇತ್ತು.

"ಪರರಾಜ್ಯದ ನೀರು ಕಣೋ ನಂಜುಂಡ, ಕುದಿಸದೆ ಕುಡೀಬೇಡ. ಯಾರಾದ್ರೂ ಊಟಕ್ಕೆ ಕರೆದರೆ ಮೊದಲು ಅವರು ತಿನ್ನಲಿ, ಆಮೇಲೆ ನೀನು ತಿನ್ನು" ಎಂದು ಹೇಳಿ, ಒಂದು ತಿಂಗಳಿಗಾಗುವಷ್ಟು ಚಟ್ನಿಪುಡಿ ಕಟ್ಟಿಕೊಟ್ಟಳು. ಅದು ಗುಂತಕಲ್ಲಿನಲ್ಲಿ ರೈಲು ಬದಲಿಸುವಾಗ ಹಳೆಯ ರೈಲಿನಲ್ಲೇ ಉಳಿದು, ನನಗಿಂತ ದೂರ ಪ್ರಯಾಣ ಮಾಡಿತು.

ನಮ್ಮದು ಚಿತ್ರಗಾರರ ಮನೆ. ಅಣ್ಣನೂ ನಾನೂ ದೇವರ ಪಟ ಬರೆಯುವವರು. ರಾಮಪಟ್ಟಾಭಿಷೇಕ, ಲಕ್ಷ್ಮಿ, ನರಸಿಂಹ; ಉಬ್ಬು ಕೆಲಸ, ಮೇಲೆ ತೆಳ್ಳನೆಯ ಚಿನ್ನದ ರೇಕು. ಒಂದು ದಿನ ಲಕ್ಷ್ಮಿಯ ಮುಖ ಬರೆಯುತ್ತ ಕೂತಿದ್ದೆ. ಮುಗಿದ ಮೇಲೆ ನೋಡುತ್ತೇನೆ, ಮುಖ ಸರಿಯಾಗಿಯೇ ಬಂದಿದೆ, ಆದರೆ ನಾನದನ್ನು ಬರೆದ ನೆನಪೇ ಇಲ್ಲ. ಕೈ ತಾನಾಗಿ ಬರೆದುಕೊಂಡು ಹೋಗಿತ್ತು. ಅಷ್ಟು ಹೊತ್ತೂ ನಾನು ಕಿಟಕಿಯಾಚೆ ಬೀದಿಯಲ್ಲಿ ಮಲಗಿದ್ದ ಎಮ್ಮೆಯನ್ನು ನೋಡುತ್ತಿದ್ದೆ.

"ಅಣ್ಣ, ನಾನು ಎಮ್ಮೆ ಬರೀತೀನಿ" ಎಂದೆ.

"ಬರಿ. ಮೇಲೊಬ್ಬ ಯಮನನ್ನ ಕೂರಿಸು. ಯಾರಾದ್ರೂ ಕೊಂಡಾರು."

"ಯಮ ಬೇಡ. ಬರೀ ಎಮ್ಮೆ. ಗದ್ದೆ, ಕಣ, ಹಳ್ಳಿ ಜನ."

ಅಣ್ಣ ನನ್ನ ಹಣೆ ಮುಟ್ಟಿ ಜ್ವರ ನೋಡಿದ.

ಮೈಸೂರಿನ ಸುತ್ತಲೂ ಹಳ್ಳಿಗಳಿಗೇನು ಬರವಿಲ್ಲ. ಆದರೆ ಅಲ್ಲೆಲ್ಲ ನನ್ನನ್ನು ಬಲ್ಲರು. ಕುಂಚ ಹಿಡಿದು ಗದ್ದೆಯ ಬದುವಿನಲ್ಲಿ ಕೂತರೆ, "ಬುದ್ಧೀ, ನಮ್ಮನೆಗೊಂದು ಗಣಪತಿ" ಎಂದು ಸುತ್ತಿಕೊಳ್ಳುತ್ತಾರೆ. ಹಿಂದಿನ ದಸರೆಗೆ ಬಂದು ನಮ್ಮಲ್ಲಿ ನರಸಿಂಹನ ಪಟ ಕೊಂಡಿದ್ದ ಬಳ್ಳಾರಿಯ ಗೋವಿಂದರಾಯರ ನೆನಪಾಯಿತು. ಕಲೆಕ್ಟರ ಕಚೇರಿಯಲ್ಲಿ ಗುಮಾಸ್ತರು, ಪರಮ ವೈಷ್ಣವರು. "ಹಸಿರು ನೋಡಬೇಕಂದ್ರ ನಮ್ಮ ಸಿರುಗುಪ್ಪಕ್ಕ ಬರ್ರಿ" ಎಂದಿದ್ದರು. ಅವರು ಬಾಯುಪಚಾರಕ್ಕೆ ಆಡಿದ ಮಾತನ್ನು ನಾನು ನಿಜವೆಂದು ಹಿಡಿದುಕೊಂಡು ಆಷಾಢದಲ್ಲಿ ಹೊರಟೇಬಿಟ್ಟೆ.

ಗಡಿ ಯಾವಾಗ ಬರುತ್ತದೆಂದು ರೈಲಿನ ಕಿಟಕಿಗೆ ಕಣ್ಣಿಟ್ಟು ಕೂತಿದ್ದೆ. ನೆಲದ ಮೇಲೆ ಗೆರೆ ಇರಲಿಲ್ಲ. ಜಾಲಿಗಿಡಗಳು ಎರಡೂ ರಾಜ್ಯದವರಿಗೆ ಸಮನಾಗಿ ಮುಳ್ಳು ತೋರಿಸುತ್ತಿದ್ದವು.

ಬಳ್ಳಾರಿ

ಬಳ್ಳಾರಿಯಲ್ಲಿ ಇಳಿದ ಕೂಡಲೇ ಯಾರೋ ಒಲೆಯ ಬಾಯಿ ತೆರೆದಂತಾಯಿತು. ಜತೆಗೆ ಗಾಳಿ. ಮೈಸೂರಿನಲ್ಲಿ ಗಾಳಿ ಬೀಸಿದರೆ "ಆಹಾ" ಎನ್ನುತ್ತೇವೆ. ಇಲ್ಲಿಯ ಆಷಾಢದ ಗಾಳಿ ಕಣ್ಣಿಗೆ ಮಣ್ಣೆರಚಿ, ಪಂಚೆಯೆತ್ತಿ, ಮರ್ಯಾದೆ ತೆಗೆದು ಹೋಗುತ್ತದೆ. ಪೆಟ್ಟಿಗೆಯಲ್ಲಿದ್ದ ಸರೇಸಿನ ಅಂಟು ಆಗಲೇ ಕರಗಿ, ನನ್ನ ಕುಂಚಗಳೆಲ್ಲ ಒಂದಕ್ಕೊಂದು ಅಂಟಿ ಕೂಡುಕುಟುಂಬವಾಗಿದ್ದವು.

ಗೋವಿಂದರಾಯರು ನನ್ನನ್ನು ಕಂಡು ಒಂದು ಕ್ಷಣ ಬೆಚ್ಚಿದರು. ಆದರೆ ದೊಡ್ಡ ಮನಸ್ಸಿನವರು. "ಬಂದೇಬಿಟ್ರೇನು! ಬರ್ರಿ ಬರ್ರಿ" ಎಂದು ಹೊರಜಗಲಿಯಲ್ಲಿ ಚಾಪೆ ಹಾಸಿಸಿದರು. ಊಟ ಅಲ್ಲಿಗೇ ಬರುತ್ತಿತ್ತು. ಅವರ ಮಡಿ ಎಷ್ಟು ಬಿಗಿಯೆಂದರೆ ನನ್ನ ನೆರಳು ಹೊಸ್ತಿಲು ದಾಟದಂತೆ ಸೂರ್ಯನಿಗೂ ಹೇಳಿಟ್ಟಿದ್ದರೇನೋ.

ಸಿರುಗುಪ್ಪದ ಕಡೆ ಅವರಿಗೆ ಕಚೇರಿಯ ಕೆಲಸವಿತ್ತು. ಗಾಡಿ ಗೊತ್ತಾಗುವವರೆಗೆ ಊರು ನೋಡೋಣವೆಂದು ಕಾಗದ ಹಿಡಿದು ಕೋಟೆಯ ಬೆಟ್ಟದ ಬುಡಕ್ಕೆ ಹೋದೆ. ಏಕಶಿಲೆಯ ಬೆಟ್ಟ, ಅದರ ನೆತ್ತಿಗೆ ಕೋಟೆಯ ಗೋಡೆ. ನಾನು ಬರೆಯಬೇಕೆಂದಿದ್ದದ್ದು ಬುಡದಲ್ಲಿ ಮೇಯುತ್ತಿದ್ದ ಮೇಕೆಗಳನ್ನು. ಬೆಟ್ಟ ಹಿಂದಿತ್ತು, ಬರೆದೆ. ಬೆಟ್ಟ ಬರೆದ ಮೇಲೆ ಗೋಡೆ ಬಿಡಲಾದೀತೆ, ಅದನ್ನೂ ಬರೆದೆ. ಅಷ್ಟರಲ್ಲಿ ಗಾಳಿ ಕಾಗದವನ್ನು ಕಿತ್ತುಕೊಂಡು, ಬೇರೆ ಯಾರೂ ಸಿಗಲಿಲ್ಲವೆಂಬಂತೆ, ಎದುರಿನಿಂದ ಬರುತ್ತಿದ್ದ ಪೊಲೀಸಿನವನ ಎದೆಗೆ ಒಯ್ದು ಅಂಟಿಸಿತು.

"ಯಾವನಲೇ ನೀನು? ಕಿಲ್ಲೇದ ನಕ್ಷಾ ತೆಗೀತಿಯೇನು? ಯಾವೂರು?"

"ಮೈಸೂರು, ಸ್ವಾಮಿ."

"ಬ್ಯಾರೆ ರಾಜ್ಯದಾಂವ! ನಡಿ ಠಾಣೆಗೆ."

ಠಾಣೆಯಲ್ಲಿ ನಾನು ಚಿತ್ರಗಾರನೆಂದು ಹೇಳಿದೆ. ಗೂಢಚಾರರೆಲ್ಲ ಹಾಗೆಯೇ ಹೇಳುತ್ತಾರೆಂದು ಅವನು ಹೇಳಿದ. ಚಿತ್ರಗಾರನಾದರೆ ತನ್ನನ್ನು ಬರೆದು ತೋರಿಸು ಎಂದು ಮೀಸೆ ನೇವರಿಸಿ ಕೂತ. ಬರೆದೆ. ಅವನು ನೋಡಿ, "ಮೀಸಿ ಇಷ್ಟೇ ಐತೇನು?" ಎಂದ. ಸ್ವಲ್ಪ ಬೆಳೆಸಿದೆ. "ಇನ್ನಷ್ಟು." ಕೆನ್ನೆ ದಾಟಿಸಿದೆ. "ಇನ್ನಷ್ಟು." ಕಿವಿಗೆ ಮುಟ್ಟಿಸಿದೆ. ಆಗ ಅವನಿಗೆ ನಾನು ನಿಜವಾದ ಚಿತ್ರಗಾರನೆಂದು ನಂಬಿಕೆ ಬಂತು. ಸುದ್ದಿ ಮುಟ್ಟಿ ಗೋವಿಂದರಾಯರು ಪೇಟ ಸುತ್ತಿಕೊಳ್ಳುತ್ತ ಏದುಸಿರಿನಲ್ಲಿ ಓಡಿಬರುವ ಹೊತ್ತಿಗೆ ನಾನು ಆ ಮೀಸೆಯ ಜತೆ ಕೂತು ವೀಳ್ಯ ಹಾಕುತ್ತಿದ್ದೆ.

"ನಿಮ್ಮನ್ನ ಊರಾಗ ಬಿಡೂದು ಬ್ಯಾಡ. ನಾಳೆನ ಹೊರಡೋಣು" ಎಂದರು ರಾಯರು.

ಕುರುಗೋಡು

ದಾರಿಯಲ್ಲಿ ರಾಯರಿಗೆ ಕುರುಗೋಡಿನಲ್ಲೂ ಕೆಲಸವಿತ್ತು. ಅಲ್ಲಿಯ ಗುಡಿಯೊಳಗಿನ ಬಸವಣ್ಣ ಎಷ್ಟು ದೊಡ್ಡದೆಂದರೆ, ಬಸವಣ್ಣನ ಸುತ್ತ ಗುಡಿಯೋ ಗುಡಿಯನ್ನು ಹೊತ್ತು ಬಸವಣ್ಣನೋ ಎಂದು ಅನುಮಾನವಾಗುತ್ತದೆ. ಅದನ್ನು ಬರೆಯಿರೆಂದು ರಾಯರು ಹೇಳಿದರು. ಕಲ್ಲಿನದು ಬೇಡ, ಉಸಿರಾಡುವುದು ಬೇಕೆಂದು ನಾನು ಊರ ಹಿಂದಿನ ಹಟ್ಟಿಗೆ ಹೋದೆ.

ಅಲ್ಲಿ ಈರಣ್ಣ ಎಂಬ ಮುದುಕನ ಎಮ್ಮೆ ನನಗಾಗಿಯೇ ಕಾದಂತೆ ನಿಂತಿತ್ತು. ಎಂಥ ಕೊಂಬು! ಈರಣ್ಣ ಒಪ್ಪಿದ. ನಾನು ನೀಲಿ ಕಲಸಿದ ಬೋಗುಣಿಯನ್ನು ಪಕ್ಕದಲ್ಲಿಟ್ಟುಕೊಂಡು ಕೊಂಬಿನ ತಿರುವಿನಲ್ಲಿ ಮೈಮರೆತಿದ್ದೆ. ಸುರ್ ಎಂದು ಸದ್ದಾಯಿತು. ತಿರುಗಿದರೆ ಎಮ್ಮೆ ಬೋಗುಣಿಯನ್ನು ನೆಕ್ಕಿ ಮುಗಿಸಿ, ನೀಲಿ ನಾಲಗೆಯನ್ನು ಮೂಗಿನ ಹೊಳ್ಳೆಗೆ ಹಾಕುತ್ತಿತ್ತು.

ಈರಣ್ಣ ಎದೆಗೆ ಕೈಯಿಟ್ಟುಕೊಂಡ. "ಏನು ಕುಡಿಸಿದ್ಯೋ ಯಪ್ಪಾ ನಮ್ಮ ಎಮ್ಮಿಗೆ?"

"ಹೆದರಬೇಡಿ, ಯಜಮಾನರೇ. ಬಟ್ಟೆಗೆ ಹಾಕುವ ನೀಲಿಯೇ. ಗಿಡದ್ದು."

"ಹಾಲು ನೀಲಿ ಬಂದ್ರ?"

ಅಷ್ಟರಲ್ಲಿ ಸುದ್ದಿ ಹಬ್ಬಿತು. ಮರುದಿನ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಊರಿಗೆ ಊರೇ ಹಟ್ಟಿಯ ಮುಂದೆ ನೆರೆದಿತ್ತು. ಪಕ್ಕದೂರು ಬಾದನಹಟ್ಟಿಯಿಂದಲೂ ಗಾಡಿ ಕಟ್ಟಿಕೊಂಡು ಬಂದಿದ್ದರು. ರಾಯರು ಕಣ್ಣು ಮುಚ್ಚಿ, "ನೀಲಿ ಬಂದ್ರೂ ಕೃಷ್ಣನ ಲೀಲಾ ಅಂತ ಹೇಳಿ ಪಾರಾಗಬಹುದು ಬಿಡ್ರಿ" ಎಂದು ನನಗೆ ಪಿಸುಗುಟ್ಟಿದರು. ಈರಣ್ಣ ಕೆಚ್ಚಲಿಗೆ ಕೈಹಾಕಿದ. ತಂಬಿಗೆಗೆ ಬಿದ್ದದ್ದು ಬೆಳ್ಳನೆಯ ಹಾಲು.

ಜನರ ಮುಖ ನೋಡಬೇಕಿತ್ತು! ಒಬ್ಬರಿಗೂ ಸಮಾಧಾನವಿಲ್ಲ. "ಬರೇ ಬೆಳ್ಳಗೈತಿ" ಎಂದು ಬೇಸರಪಟ್ಟುಕೊಂಡು ಚೆದುರಿದರು. ಬಾದನಹಟ್ಟಿಯವರು ನನ್ನನ್ನು ಮೋಸಗಾರನಂತೆ ದುರುಗುಟ್ಟಿ ನೋಡಿ ಗಾಡಿ ಹತ್ತಿದರು. ಈರಣ್ಣ ಮಾತ್ರ ಮೊದಲ ಲೋಟ ಹಾಲನ್ನು ನನ್ನ ಬಾಯಿಗೇ ಹಿಡಿದ. ನಾನು ಕುಡಿದು ಬಹಳ ಹೊತ್ತಾದರೂ ಬದುಕಿರುವುದನ್ನು ಖಚಿತಪಡಿಸಿಕೊಂಡ ಮೇಲೆ ಉಳಿದದ್ದನ್ನು ಒಳಗೆ ಕಳಿಸಿದ.

ಸಿರುಗುಪ್ಪ: ಕೆಸರು

ಗಾಡಿ ಸಿರುಗುಪ್ಪ ಸಮೀಪಿಸಿದಂತೆ ನೆಲದ ಬಣ್ಣ ಬದಲಾಯಿತು. ಅಲ್ಲಿಯವರೆಗೆ ಕರಿಮಣ್ಣು, ಜಾಲಿ, ಬಂಡೆ. ಆಮೇಲೆ ಇದ್ದಕ್ಕಿದ್ದಂತೆ ತುಂಗಭದ್ರೆಯ ಕಾಲುವೆ, ಎರಡೂ ಕಡೆ ಕನ್ನಡಿಯಂತೆ ನೀರು ತುಂಬಿದ ಗದ್ದೆಗಳು, ಅವುಗಳ ಅಂಚಿನಲ್ಲಿ ಭತ್ತದ ಸಸಿಮಡಿಗಳು. ಆ ಹಸಿರಿಗೆ ನನ್ನ ಪೆಟ್ಟಿಗೆಯಲ್ಲಿ ಹೆಸರಿರಲಿಲ್ಲ. ನಮ್ಮ ಪಟಗಳಲ್ಲಿ ಹಸಿರೆಂದರೆ ದೇವರ ಹಿಂದಿನ ಪರದೆ.

ನಾವು ಇಳಿದುಕೊಂಡದ್ದು ಪಂಪನಗೌಡರ ಮನೆಯ ಮುಂದಿನ ಕೋಣೆಯಲ್ಲಿ. ದೊಡ್ಡ ಜಮೀನುದಾರರು, ಮನಸ್ಸಿಗೆ ಬಂದದ್ದನ್ನು ಕೂಗಿಯೇ ಹೇಳುವವರು. ನಾನು ಗದ್ದೆ ಬರೆಯಲು ಬಂದವನೆಂದು ತಿಳಿದು ಹಿಗ್ಗಿಹೋದರು.

"ನನ್ನ ಗದ್ದಿ ಬರೀರಿ! ಪಡಸಾಲ್ಯಾಗ ತೂಗು ಹಾಕತೀನಿ. ಬಂದಾವರೆಲ್ಲ ನೋಡಿ ಹೊಟ್ಟಿ ಉರಕೊಳ್ಳಲಿ."

ಮರುದಿನ ಬದುವಿನ ಮೇಲೆ ಹಲಗೆ ಊರಿ ಕೂತೆ. ಊರಾಚೆಯ ಕೇರಿಯ ಹೆಂಗಸರು ನಾಟಿ ಹಾಕುತ್ತಿದ್ದರು. ಬೆನ್ನು ಬಾಗಿಸಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ, ಹಾಡಿನ ತಾಳಕ್ಕೆ ಸಸಿ ಊರುತ್ತಿದ್ದರು. ಮುಂದಾಳು ದುರುಗವ್ವ. ವಯಸ್ಸು ನನಗಿಂತ ಹೆಚ್ಚು, ಎತ್ತರದ ಹೆಂಗಸು. ಹಾಡು ಎತ್ತುವವಳೂ ಅವಳೇ, ಬೈಯುವವಳೂ ಅವಳೇ. ಬಹಳ ಹೊತ್ತು ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೇಳಿದಳು.

"ಏನ್ ನೋಡಾಕ ಹತ್ತೀಯಪ್ಪಾ ಮುಂಜಾನಿಂದ? ನಾವೇನು ಬಯಲಾಟದಾಗ ಕುಣಿಯಾಕ ಹತ್ತೀವೇನು?"

"ನಿಮ್ಮನ್ನ ಚಿತ್ರ ಬರೀತಾ ಇದೀನಮ್ಮ."

"ಕುಂತು ಬರದ್ರ ಏನು ಗೊತ್ತಾಕೈತಿ? ಕೆಸರಾಗ ಇಳದು ನೋಡು, ಗೊತ್ತಾಕೈತಿ."

ಹೆಂಗಸರು ಕಿಸಕ್ಕೆಂದರು. ನನಗೂ ಹುರುಪು ಬಂತು. ಪಂಚೆ ಮೇಲೆ ಕಟ್ಟಿ ಇಳಿದೆ. ಕೆಸರು ಮೊಣಕಾಲು ನುಂಗಿತು. ಒಂದು ಹೆಜ್ಜೆ ಕಿತ್ತು ಇಡುವಷ್ಟರಲ್ಲಿ ಇನ್ನೊಂದು ಕಾಲು ಪಾತಾಳದಲ್ಲಿತ್ತು. ಕೈ ಬೀಸಿದೆ, ಹಿಡಿಯಲು ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಬಿದ್ದೆ.

ಎದ್ದು ಕೈ ಚಾಚಿದೆ. ಹತ್ತಿರದಲ್ಲೇ ನಿಂತಿದ್ದ ಹೆಂಗಸರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ನನಗೆ ತಕ್ಷಣ ಅರ್ಥವಾಗಲಿಲ್ಲ.

"ನಾವು ಮುಟ್ಟಬಾರ್ದಪ್ಪಾ, ಆಮ್ಯಾಲೆ ನಮಗ ಬೈತಾರ. ತಗಾ, ಇದನ್ನ ಹಿಡಕ" ಎಂದು ದುರುಗವ್ವ ಒಂದು ಸಸಿಯ ಕಟ್ಟನ್ನು ನನ್ನ ಕಡೆ ಚಾಚಿದಳು. ಆ ತುದಿ ಅವಳು, ಈ ತುದಿ ನಾನು. ಅವಳು ಎಳೆದಳು. ಕಟ್ಟಿನ ಗಂಟು ಬಿಚ್ಚಿತು. ಸಸಿಗಳು ಎಲ್ಲ ಕಡೆ ಹಾರಿದವು, ನಾನು ಎರಡನೆಯ ಸಲ ಮಲಗಿದೆ, ಈ ಸಲ ಮುಖ ಅಡಿಯಾಗಿ.

ಕಣ್ಣಿನ ಕೆಸರು ಒರೆಸಿಕೊಂಡು ನೋಡಿದಾಗ ದುರುಗವ್ವ ನಗುತ್ತಿದ್ದಳು. ತಲೆ ಹಿಂದಕ್ಕೆ ಚೆಲ್ಲಿ, ಸೊಂಟಕ್ಕೆ ಕೆಸರುಗೈ ಇಟ್ಟು, ಎಲೆಅಡಿಕೆಯಿಂದ ಕೆಂಪಾದ ಹಲ್ಲೆಲ್ಲ ಬಿಸಿಲಿಗೆ ತೋರಿಸಿ. ನಾನು ಅಷ್ಟು ವರ್ಷ ಪಟ ಬರೆದವನು ನಗುವ ಹಲ್ಲೊಂದನ್ನೂ ಬರೆದಿರಲಿಲ್ಲ. ನಮ್ಮ ದೇವತೆಗಳು ಮುಗುಳ್ನಗುತ್ತಾರೆ. ಬಾಯಿ ಬಿಡುವವರು ನರಸಿಂಹನೂ ರಾಕ್ಷಸರೂ ಮಾತ್ರ, ಅದೂ ಸಿಟ್ಟಿಗೆ.

ತೆವಳಿಕೊಂಡು ಬದು ಹತ್ತಿ, ಕೆಸರುಗೈಯಲ್ಲೇ ಕುಂಚ ಹಿಡಿದೆ. ಆ ದಿನವೂ ಅದರ ಮರುದಿನವೂ ನನಗೆ ಹಸಿವಾದದ್ದು ನೆನಪಿಲ್ಲ. ಗದ್ದೆ, ನೀರಿನಲ್ಲಿ ಮೋಡ, ಬಾಗಿದ ಬೆನ್ನುಗಳ ಸಾಲು, ನಡುವೆ ನೆಟ್ಟಗೆ ನಿಂತು ನಗುವ ಹೆಂಗಸು. ನನ್ನ ಕೈ ತಾನಾಗಿ ಬರೆದದ್ದು ಅದರಲ್ಲಿ ಒಂದು ಗೆರೆಯೂ ಇರಲಿಲ್ಲ.

ಸಿರುಗುಪ್ಪ: ಪಡಸಾಲೆ

ಗೌಡರು ಚಿತ್ರ ನೋಡಿ ತೊಡೆ ತಟ್ಟಿಕೊಂಡರು. "ಇದಪ್ಪಾ ಗದ್ದಿ! ನೀರು ಹೊರಗ ಚೆಲ್ಲತೈತೇನೋ ಅನಸತೈತಿ!" ಪಡಸಾಲೆಯ ನಡುಗಂಬಕ್ಕೆ ತೂಗುಹಾಕಿಸಿ, ಊರವರನ್ನು ಕರೆಸಿದರು. ಎಲ್ಲರೂ ಹಸಿರನ್ನು ಹೊಗಳಿದರು, ಮೋಡವನ್ನು ಹೊಗಳಿದರು. ರಾಯರೂ, "ದೇವರಿಲ್ಲದಿದ್ರೂ ಅಡ್ಡಿಯಿಲ್ಲ" ಎಂದರು. ನಾನು ಬೆಕ್ಕಿನಂತೆ ಕಣ್ಣುಮುಚ್ಚಿ ಹೊಗಳಿಕೆ ಕುಡಿಯುತ್ತಿದ್ದೆ.

ಅಷ್ಟರಲ್ಲಿ ಗೌಡರ ತಾಯಿ ಗಂಗವ್ವ ಒಳಗಿನಿಂದ ಕೋಲೂರಿಕೊಂಡು ಬಂದರು. ಹಣ್ಣು ಮುದುಕಿ, ಕಣ್ಣು ಮಾತ್ರ ಗಿಡುಗನದು. ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು.

"ಇಕಿ ಕೇರಿ ದುರುಗಿ ಅಲ್ಲೇನು?"

ಎಲ್ಲರಿಗೂ ಮೊದಲೇ ಗೊತ್ತಾಗಿತ್ತೆಂದು ಅವರವರ ಮುಖವೇ ಹೇಳುತ್ತಿತ್ತು.

"ಅಂಗಳದ ಕಟ್ಟಿ ಹತ್ತದಾಕಿ ನನ್ನ ಪಡಸಾಲ್ಯಾಗ ನಿಂತು ಹಲ್ಲು ಕಿಸೀತಾಳಲ್ಲೋ ಪಂಪಾ!"

ಗೌಡರ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿದರು. "ಒರಸರಿ ಆ ಮಾರಿ. ಬ್ಯಾರೆ ಯಾವುದಾದರೂ ಮುಖ ಬರೀರಿ."

"ಗೌಡರೇ, ಕಾಗದಕ್ಕೆ ಎಂಥ ಮೈಲಿಗೆ? ನಿಮ್ಮ ಗದ್ದೆಯ ಪ್ರತಿ ಸಸಿಯನ್ನೂ ಅವಳೇ ಮುಟ್ಟಿದ್ದಾಳೆ. ಅದೇ ಅನ್ನ ಆಗಿ ಇದೇ ಪಡಸಾಲೆಗೆ ಬರುತ್ತಲ್ಲ" ಎಂದುಬಿಟ್ಟೆ. ಬಾಯಿ ಜಾರಿದ್ದು ಮಾತು ಮುಗಿದ ಮೇಲೆ ಗೊತ್ತಾಯಿತು.

ಗೌಡರು ಕೂಗಲಿಲ್ಲ. ಅವರ ದನಿ ಇಳಿದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಒರಸದಿದ್ರ ಇದು ಬಚ್ಚಲ ಒಲಿಗೆ ಹೋಗತೈತಿ. ದುರುಗಿನೂ ನಾಳಿಂದ ಕೂಲಿಗೆ ಬರೂದು ಬ್ಯಾಡ. ಅಕಿ ನಕ್ಕದ್ದಕ್ಕ ಇಷ್ಟೆಲ್ಲಾ ಆತು."

ಬಿದ್ದವನು ನಾನು, ಬರೆದವನು ನಾನು, ಕೂಲಿ ಕಳೆದುಕೊಳ್ಳುವವಳು ಅವಳು. ಮೈಸೂರಿಗೆ ಓಡಿಹೋಗಲು ನನಗೆ ರೈಲಿತ್ತು. ಅವಳಿಗೆ ಎಲ್ಲಿಗೆ?

ಆಗ ಗೋವಿಂದರಾಯರು ಗಂಟಲು ಸರಿಪಡಿಸಿಕೊಂಡರು. ಕಚೇರಿಯ ಕಾಗದಗಳ ನಡುವೆ ಬದುಕಿದವರಿಗೆ ಬಾಗಿಲಿಲ್ಲದ ಗೋಡೆಯಲ್ಲೂ ಬಾಗಿಲು ಕಾಣುತ್ತದೆ.

"ಗೌಡ್ರ, ಒರಸೂದು ಯಾಕ? ಇವರು ಮೈಸೂರಿನ ಚಿತ್ರಗಾರರು. ತಲಿ ಮ್ಯಾಲೆ ಒಂದು ಕಿರೀಟ ಇಟ್ರ ಧಾನ್ಯಲಕ್ಷ್ಮಿ ಆಗ್ತಾಳ. ಪೈರಿನ ನಡುವ ನಿಂತಾಳ, ಇನ್ನೇನು ಬೇಕು? ಕಿರೀಟ ಬಂದ ಮ್ಯಾಲೆ ಅದು ದೇವಿ. ದೇವಿಗೆ ಎಲ್ಲಿಯ ಕೇರಿ?"

ಗೌಡರು ತಾಯಿಯ ಮುಖ ನೋಡಿದರು. ಗಂಗವ್ವ ಚಿತ್ರದ ಕಡೆ ಕೋಲು ತೋರಿಸಿ, "ಬಂಗಾರದ್ದೇನು ಕಿರೀಟ?" ಎಂದು ಕೇಳಿದರು.

"ಅಪ್ಪಟ ಬಂಗಾರದ ರೇಕು" ಎಂದರು ರಾಯರು, ನನ್ನ ಪರವಾಗಿ.

"ಹಂಗಾದ್ರ ಇಡರಿ. ದುರುಗಿನೂ ಕೆಲಸಕ್ಕ ಬರಲಿ. ಅಕಿಯಂಗ ನಾಟಿ ಹಚ್ಚಾಕಿ ಈ ಸೀಮ್ಯಾಗ ಯಾರದಾಳ?"

ರೂಢಿಯಂತೆ ಪೆಟ್ಟಿಗೆಯಲ್ಲಿ ತಂದಿದ್ದ ರೇಕಿನ ಡಬ್ಬಿ ತೆಗೆದು ಕಿರೀಟ ಇಟ್ಟೆ. ಮೈಸೂರಿನಲ್ಲಿ ಎಷ್ಟೋ ತಲೆಗಳ ಮೇಲೆ ಇಟ್ಟ ಕೈ. ಇಡುವಾಗ ಅದು ಸಲೀಸಾಗಿಯೇ ಓಡಿತು, ಅದಕ್ಕೇ ನನಗೆ ಅಳು ಬಂತು. ಜೀವಮಾನದಲ್ಲಿ ಕಣ್ಣು ಬಿಟ್ಟು ಬರೆದ ಒಂದೇ ಒಂದು ಚಿತ್ರಕ್ಕೆ ನಾನೇ ಕೈಯಾರೆ ರೇಕು ಅಂಟಿಸಿ, ನಮ್ಮಂಗಡಿಯ ಸರಕು ಮಾಡಿದ್ದೆ. ಆದರೆ ಸಣ್ಣ ತುಂಟತನವನ್ನೂ ಬಿಡಲಿಲ್ಲ. ಕಿರೀಟ ಬಿಟ್ಟು ಇನ್ನೇನನ್ನೂ ಮುಟ್ಟಲಿಲ್ಲ. ಆ ಮುಖ, ಆ ಕೆಂಪು ಹಲ್ಲು, ಸೊಂಟದ ಮೇಲಿನ ಕೆಸರುಗೈ ಎಲ್ಲ ಹಾಗೆಯೇ ಉಳಿದವು. ಸಂಜೆ ಗಂಗವ್ವ ದೀಪ ಹಚ್ಚಿ, ಎರಡೂ ಕೈ ಜೋಡಿಸಿ, ದುರುಗವ್ವನ ಮುಂದೆ ತಲೆ ಬಾಗಿಸಿದರು. ಹಿಂದೆ ನಿಂತ ಗೌಡರೂ ಬಾಗಿಸಿದರು. ನನ್ನ ಪಕ್ಕದಲ್ಲಿದ್ದ ರಾಯರು ಕೈಮುಗಿಯುತ್ತಲೇ ನನ್ನ ಕಾಲನ್ನು ಬಲವಾಗಿ ತುಳಿದರು. ನಾನು ನಗದಂತೆ ತಡೆಯಲೋ, ತಾವು ನಗದಂತೆ ತಡೆದುಕೊಳ್ಳಲೋ, ತಿಳಿಯಲಿಲ್ಲ.

ಸಿರುಗುಪ್ಪ: ಅಂಗಳ

ಸುದ್ದಿ ಕೇರಿಗೆ ಮುಟ್ಟದೆ ಇರುತ್ತದೆಯೇ? ಮರುದಿನ ಮುಂಜಾನೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ದುರುಗವ್ವ ಹೆಂಗಸರ ಗುಂಪಿನ ಜತೆ ಅಂಗಳದ ಆಚೆ ಬಂದು ನಿಂತಳು. ಗೌಡರು ಊರಲ್ಲಿರಲಿಲ್ಲ, ರಾರಾವಿಯ ಕಡೆ ಹೋಗಿದ್ದರು. ಗಂಗವ್ವ ದೀಪ ಹಚ್ಚುತ್ತಿದ್ದರು.

"ಯವ್ವಾ, ನಿಮ್ಮನ್ಯಾಗ ಹೊಸಾ ದೇವಿ ಬಂದಾಳಂತಲ್ರೀ. ನಮಗೂ ದರ್ಶನ ಆಗಲಿ" ಎಂದಳು ದುರುಗವ್ವ. ಮುಖದಲ್ಲಿ ಭಕ್ತಿಯೇ ಭಕ್ತಿ.

ಗಂಗವ್ವ ಅವಳನ್ನು ನೋಡಿದರು, ಚಿತ್ರವನ್ನು ನೋಡಿದರು. ಆಮೇಲೆ ಏನನ್ನಿಸಿತೋ, ಬಾಗಿಲಿನ ಎರಡೂ ಕದ ತೆಗೆದು ಪಕ್ಕಕ್ಕೆ ಸರಿದರು. ಅಂಗಳದಿಂದ ಪಡಸಾಲೆಯ ನಡುಗಂಬ ನೇರವಾಗಿ ಕಾಣುತ್ತಿತ್ತು. ದೀಪದ ಬೆಳಕಿಗೆ ರೇಕು ಮಿನುಗುತ್ತಿತ್ತು.

ದುರುಗವ್ವ ಚಿತ್ರದಲ್ಲಿ ತನ್ನನ್ನು ತಾನು ಮೊದಲ ಬಾರಿ ನೋಡಿದಳು. ಹೆಂಗಸರು ಸೆರಗು ಕಚ್ಚಿಕೊಂಡು ಅವಳ ಬಾಯಿಯನ್ನೇ ನೋಡುತ್ತಿದ್ದರು. ಅವಳು ಗಂಭೀರವಾಗಿ ಕೈಮುಗಿದಳು.

"ತಾಯೀ ದುರುಗವ್ವಾ, ತಪ್ಪು ಆತು, ಲಕುಮವ್ವಾ. ತೆಲಿ ಮ್ಯಾಲೆ ಬಂಗಾರ ಇಟಗಂಡು ಇಲ್ಲೇ ನಿಂತು ನಕ್ಕರ ಹೆಂಗ? ತೂಬಿನ ಕಡೀ ಗದ್ದಿ ಇನ್ನಾ ಹಂಗ ಐತಿ, ಆಳು ಕಡಿಮಿ ಅದಾರ. ಕಿರೀಟ ತಗದು ಇಟ್ಟು, ನಾಟಿ ಹಚ್ಚಾಕ ಬಾ ಮತ್ತ!"

ಹೆಂಗಸರ ನಗು ಅಂಗಳದ ಗುಬ್ಬಿಗಳನ್ನೆಲ್ಲ ಎಬ್ಬಿಸಿತು. ರಾಯರು ಕೋಣೆಯೊಳಗೆ ಓಡಿ, ಬಾಗಿಲು ಹಾಕಿಕೊಂಡು ಕೆಮ್ಮಿದರು. ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು. ಗಂಗವ್ವ ಕೋಲನ್ನು ನೆಲಕ್ಕೆ ಕುಟ್ಟಿದರು. "ದುರುಗೀ! ಬಾಯಿ ಭಾಳ ಆತು ನಿಂದು. ನಡಿ ಕೆಲಸಕ್ಕ!" ಎಂದು ಗದರಿ, ಥಟ್ಟನೆ ಒಳಗೆ ತಿರುಗಿದರು. ಆದರೆ ಅವರ ಬೆನ್ನು ಅಲುಗುತ್ತಿತ್ತು. ಅಳುವವರ ಬೆನ್ನು ಹಾಗೆ ಅಲುಗುವುದಿಲ್ಲ.

ನಾನು ಹೊರಗೆ ಓಡಿ ದುರುಗವ್ವನನ್ನು ದಾರಿಯಲ್ಲಿ ಕೂಗಿ ನಿಲ್ಲಿಸಿದೆ. "ದುರುಗವ್ವ, ಚಿತ್ರ ಹೇಗಿತ್ತು?"

ಅವಳ ಮುಖದಲ್ಲಿ ಆಗ ನಗು ಇರಲಿಲ್ಲ.

"ಚಲೋ ಐತಿ. ಗೌಡ್ರ ಗದ್ದಿ ಐತಿ, ಗೌಡ್ರ ದೇವಿ ಐತಿ. ನನ್ನದೇನೈತಪ್ಪಾ ಅದರಾಗ? ಮೈಗೆ ಕೆಸರು ಹಚ್ಚಿ, ಹಲ್ಲು ಕಿಸಿಸಿ ನಿಲ್ಲಿಸೀದಿ. ನಾ ಮನ್ಯಾಗ ಹಿಂಗ ಇರತೀನೇನು?"

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. "ಮತ್ತೆ ಹೇಗೆ ಬರೀಲಿ? ನೀನೇ ಹೇಳು. ಬರೆದು ನಿನಗೇ ಕೊಡ್ತೀನಿ."

"ನಾಳಿ ಹೊತ್ತು ಮೂಡೂಮುಂದ ಕೇರಿಗೆ ಬಾ" ಎಂದಳು.

ಸಿರುಗುಪ್ಪ: ಕೇರಿ

ರಾಯರ ಗಾಡಿ ಅದೇ ಮುಂಜಾನೆ ಬಳ್ಳಾರಿಗೆ ಹೊರಡುವುದಿತ್ತು. ನಾನು ಬರುವುದಿಲ್ಲವೆಂದೆ. ಎಲ್ಲಿಗೆ ಹೋಗುತ್ತೇನೆಂದೂ ಹೇಳಿದೆ. ಅವರು ಗಲ್ಲ ಕೆರೆದುಕೊಂಡು, "ನಾ ಕೇಳಿಲ್ಲ, ನೀವು ಹೇಳಿಲ್ಲ" ಎಂದರು. ಆಮೇಲೆ ಗಾಡಿಯವನಿಗೆ, "ಎತ್ತು ಕುಂಟಾಕ ಹತ್ತೇದ ನೋಡು. ಸ್ವಲ್ಪ ತಡಮಾಡಿ ಹೋಗೋಣು" ಎಂದರು. ಎತ್ತುಗಳು ನಾಲ್ಕು ಕಾಲಿನ ಮೇಲೂ ಗಟ್ಟಿಯಾಗಿ ನಿಂತಿದ್ದವು.

ಊರ ಹೊರಗಿನ ಕೇರಿ, ಸಾರಿಸಿದ ಪುಟ್ಟ ಅಂಗಳ. ದುರುಗವ್ವ ಸಿದ್ಧಳಾಗಿದ್ದಳು. ಮದುವೆ ಹಬ್ಬಕ್ಕೆಂದು ಎತ್ತಿಟ್ಟ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಹಣೆಗೆ ದೊಡ್ಡ ಕುಂಕುಮ ಇಟ್ಟು, ಗೋಡೆಯ ಮುಂದೆ ನೆಟ್ಟಗೆ ನಿಂತಳು. ಬಾಯಿ ಬಿಗಿಯಾಗಿ ಮುಚ್ಚಿತ್ತು. ನೋಟ ನೇರ ನನ್ನ ಕಣ್ಣಿಗೆ. ಎರಡೂ ಕೈ ಎರಡು ಪಕ್ಕದಲ್ಲಿ.

"ಕೈಯಲ್ಲಿ ಏನಾದ್ರೂ ಹಿಡ್ಕೋ ದುರುಗವ್ವ. ಕೊಡ, ಇಲ್ಲಾಂದ್ರೆ ಬುಟ್ಟಿ."

"ಏನೂ ಬ್ಯಾಡ."

"ಒಂದು ಸಲ ನಗು, ಮೊನ್ನೆ ನಕ್ಕ ಹಾಗೆ."

"ಯಾಕ ನಗಲಿ? ನೀ ಬಿದ್ದಿ ಅಂತ ನಕ್ಕೆ. ಈಗ ಯಾರು ಬಿದ್ದಾರ?"

ನಾನು ತೆಪ್ಪಗೆ ಬರೆದೆ. ಹಳ್ಳಿ, ಗದ್ದೆ, ಕೆಸರು, ಬಾಗಿದ ಬೆನ್ನು ಎಂದು ಪರರಾಜ್ಯದವರೆಗೆ ಹುಡುಕಿಕೊಂಡು ಬಂದವನು ನಾನು. ಈಗ ಅವೊಂದೂ ಇಲ್ಲದ ಹಳ್ಳಿಯವಳೊಬ್ಬಳು, ನಮ್ಮ ಪಟದ ದೇವತೆಗಳಿಗಿಂತ ಬಿಗಿಯಾಗಿ ನನ್ನ ಮುಂದೆ ನಿಂತಿದ್ದಳು. ರೇಕಿನ ಡಬ್ಬಿ ಪೆಟ್ಟಿಗೆಯಲ್ಲೇ ಉಳಿಯಿತು. ಆ ಮುಖದ ಮೇಲೆ ಅದಕ್ಕೆ ಜಾಗವಿರಲಿಲ್ಲ. ಸೀರೆಯ ಅಂಚಿನ ಕೆಂಪು ಸರಿಯಿಲ್ಲವೆಂದು ಅವಳು ಎರಡು ಸಲ ತಿದ್ದಿಸಿದಳು. ಮೂಗಿನ ಪಕ್ಕದ ಗಾಯದ ಕಲೆಯನ್ನು ಬಿಟ್ಟಿದ್ದೆ, ಅದನ್ನು ಹಾಕಿಸಿದಳು.

ಮುಗಿದಾಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ಹಲಗೆಯ ಮೇಲಿನ ಕಾಗದವನ್ನು ಅವಳ ಮುಂದೆ ಹಿಡಿದೆ. ಅವಳು ಕೈಯನ್ನು ಸೀರೆಗೆ ಒರೆಸಿ ತೆಗೆದುಕೊಂಡಳು. ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ಗದ್ದೆಯ ಕಡೆಯಿಂದ ಹೆಂಗಸರು ಅವಳ ಹೆಸರು ಹಿಡಿದು ಕೂಗುತ್ತಿದ್ದರು, ಓಗೊಡಲಿಲ್ಲ.

"ಇಕಿ ಯಾರ ಹೊಲಕ್ಕೂ ಹೋಗಾಕಿ ಅಲ್ಲ" ಎಂದಳು ಕೊನೆಗೆ, ನನಗಲ್ಲ, ಚಿತ್ರಕ್ಕೆ.

ಮತ್ತೆ ಅದನ್ನು ಒಳಗೊಯ್ದು ಗೋಡೆಗೂಡಿನಲ್ಲಿ ನಿಲ್ಲಿಸಿ, ಇಳಕಲ್ ಸೀರೆ ಬಿಚ್ಚಿ ಹಳೆಯದನ್ನು ಮೊಣಕಾಲಿಗೆ ಎತ್ತಿಕಟ್ಟಿ ಹೊರಗೆ ಬಂದಳು. ಬಾಗಿಲನ್ನು ಎಳೆದುಕೊಂಡು, ಚಿಲಕ ಸರಿಯಾಗಿ ಬಿತ್ತೇ ಎಂದು ಮತ್ತೊಮ್ಮೆ ದೂಡಿ ನೋಡಿ, ನಾಟಿಗೆ ಹೋದಳು.